ಎರಡನೆಯ ಚೀಟಿ

ಜನವರಿ 9

ಮಗಳಿಗೆ,

ಹದಿನಾಲ್ಕು ತಿಂಗಳ ಮೇಲೆ ಕಾಗದ ಬಂತು ಅಂತ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಇದು ವ್ಯಾಪಾರದ ಕಾಗದ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಕಾಗದದಲ್ಲಾದರೆ ಹೇಳಬೇಕಾದಷ್ಟು ಹೇಳಿ ನಿಲ್ಲಿಸಬಹುದು.

ನಮ್ಮ ಹಳೆ ಕಾರುಗಳ ಯಾರ್ಡಿಗೆ ಒಂದು ಹೊರಗಿನ ದೇಶದ ಗಾಡಿ ಬಂದಿದೆ. ಹಲ್ಲಿನ ಡಾಕ್ಟರದು. ಅವರಿಗೆ ಇದನ್ನು ಕೊಟ್ಟು, ನಮ್ಮಲ್ಲಿ ಗೇಟಿನ ಪಕ್ಕ ನಿಂತಿರುವ ದೇಶಿ ಗಾಡಿಯನ್ನು ತೆಗೆದುಕೊಳ್ಳಬೇಕಂತೆ. ಎರಡಕ್ಕೂ ಏಳು ವರ್ಷ. ಯಾವುದರ ಬೆಲೆ ಹೆಚ್ಚು, ಯಾರು ಯಾರಿಗೆ ಎಷ್ಟು ಕೊಡಬೇಕು ಎನ್ನುವುದು ಪ್ರಶ್ನೆ.

ನಿನ್ನಪ್ಪ ಇದ್ದ ಕಾಲದಿಂದ ನಮ್ಮ ಯಾರ್ಡಿನಲ್ಲಿ ಒಬ್ಬರ ಮಾತಿನ ಮೇಲೆ ಗಾಡಿ ಕೊಂಡದ್ದೂ ಇಲ್ಲ, ಮಾರಿದ್ದೂ ಇಲ್ಲ. ಇಬ್ಬರು ನೋಡಿ, ಬೇರೆ ಬೇರೆ ಚೀಟಿಯಲ್ಲಿ ಬೆಲೆ ಬರೆದು, ಮಡಚಿ ಮೇಜಿನ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಬಿಚ್ಚಬೇಕು. ಅಲ್ಲಿಯವರೆಗೆ ಆ ಗಾಡಿಯ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಬಾರದು. ಅಪ್ಪ ಹೋದಮೇಲೆ ಎರಡನೆಯ ಚೀಟಿ ನಿನ್ನದಾಯಿತು. ನಿನಗಾಗ ಹದಿನೇಳು. ನೀನು ಹೋದಮೇಲೆ ಎರಡನೆಯ ಚೀಟಿಯೇ ಇಲ್ಲ. ಮೇಸ್ತ್ರಿಗೆ ಬರೆಯೋ ಎಂದರೆ, 'ಅಮ್ಮಾವ್ರೇ, ಬಿಚ್ಚು ಅನ್ನಿ ಬಿಚ್ತೀನಿ, ಜೋಡಿಸು ಅನ್ನಿ ಜೋಡಿಸ್ತೀನಿ. ಬೆಲೆ ಮಾತ್ರ ಕೇಳಬೇಡಿ, ನಮ್ಮಪ್ಪನಿಗೂ ಅದು ಬರ್ತಿರಲಿಲ್ಲ' ಎನ್ನುತ್ತಾನೆ. ಹದಿನಾಲ್ಕು ತಿಂಗಳಿಂದ ನಾನೊಬ್ಬಳೇ ಬರೆದು, ನಾನೊಬ್ಬಳೇ ಬಿಚ್ಚುತ್ತಿದ್ದೇನೆ.

ನೀನೀಗ ಆ ಬಂದರಿನ ಊರಿನಲ್ಲಿ ಹೊರಗಿನ ಗಾಡಿಗಳನ್ನೇ ದಿನಕ್ಕೆ ಇಪ್ಪತ್ತು ನೋಡುತ್ತೀ ಎಂದು ಕೇಳಿದೆ. ಆದ್ದರಿಂದ ವಿವರ ಬರೆಯುತ್ತೇನೆ, ನಿನ್ನ ಚೀಟಿ ಕಳಿಸು.

ಡಾಕ್ಟರ ಗಾಡಿ: ಒಬ್ಬರೇ ಮಾಲೀಕರು, ಅರವತ್ತೆರಡು ಸಾವಿರ ಕಿಲೋಮೀಟರು. ಬಾಗಿಲ ರಬ್ಬರು ಎತ್ತಿ ನೋಡಿದೆ, ಒಳಗೂ ಹೊರಗೂ ಒಂದೇ ಬಣ್ಣ. ಕಾರ್ಪೆಟ್ ಕೆಳಗೆ ಮೂಗಿಟ್ಟು ನೋಡಿದೆ, ನೀರು ಹೊಕ್ಕ ವಾಸನೆಯಿಲ್ಲ. ಸೀಟಿನ ಚರ್ಮ ಬಿರುಕು ಬಿಟ್ಟಿಲ್ಲ. ಎಡಗಡೆಯ ದೀಪಕ್ಕೆ ಕೂದಲೆಳೆಯಷ್ಟು ಸೀಳು. ನಮ್ಮ ಗಾಡಿ: ಇಬ್ಬರು ಮಾಲೀಕರು, ತೊಂಬತ್ತೆಂಟು ಸಾವಿರ, ಹಿಂದಿನ ಬಂಪರು ಒಮ್ಮೆ ಬಣ್ಣ ಕಂಡಿದೆ, ಟೈರು ಹೊಸದು.

ನನ್ನ ಚೀಟಿಯನ್ನು ಮಡಚಿ ಅಂಟಿಸಿ ಈ ಕವರಿನಲ್ಲೇ ಇಟ್ಟಿದ್ದೇನೆ. ನಿನ್ನದು ಬರೆದಾದ ಮೇಲೆ ಬಿಚ್ಚು. ಮೊದಲೇ ಬಿಚ್ಚಿದರೆ ನನಗೆ ಗೊತ್ತಾಗುವುದಿಲ್ಲ, ನಿನಗೆ ಗೊತ್ತಾಗುತ್ತದೆ.

ನಾನು ನಿನ್ನ ಚೀಟಿ ಹರಿದ ವಿಷಯ ಎತ್ತುವುದಿಲ್ಲ. ನೀನೂ ಎತ್ತಬೇಡ.

ಇತಿ,
ನಿನ್ನ ತಾಯಿ


ಜನವರಿ 21

ಅಮ್ಮಾ,

ನನ್ನ ಚೀಟಿ ಬರೆದೇ ನಿನ್ನದನ್ನು ಬಿಚ್ಚಿದೆ. ನೀನು ಎರಡಕ್ಕೂ ಒಂದೇ ಬೆಲೆ ಹಾಕಿದ್ದೀಯ. ನಾನು ಡಾಕ್ಟರ ಗಾಡಿಗೆ ಎಂಬತ್ತು ಸಾವಿರ ಜಾಸ್ತಿ ಹಾಕಿದ್ದೇನೆ. ಅಷ್ಟನ್ನು ನಾವು ಅವರಿಗೆ ಕೊಡಬೇಕು.

ಕಾರಣ ಸುಲಭ. ಹೊರಗಿನ ಗಾಡಿ ಶೋರೂಮಿನಿಂದ ಬಂದ ಮೂರು ವರ್ಷಕ್ಕೆ ಅರ್ಧ ಬೆಲೆ ಕಳೆದುಕೊಳ್ಳುತ್ತದೆ. ಆ ನಷ್ಟ ಡಾಕ್ಟರು ಆಗಲೇ ತಿಂದಾಗಿದೆ. ಎರಡನೆಯವರಾಗಿ ಕೊಳ್ಳುವವರಿಗೆ ದಪ್ಪ ತಗಡು, ಒಳ್ಳೆಯ ಬ್ರೇಕು, ಇನ್ನೂ ಹತ್ತು ವರ್ಷ ಓಡುವ ಎಂಜಿನ್ನು ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಇಲ್ಲಿಯೇ ಮಾಡಿದ ಗಾಡಿಯ ಬೆಲೆ ಬೀಳುವುದು ನಿಧಾನ, ಆದ್ದರಿಂದ ಏಳು ವರ್ಷದ್ದನ್ನೂ ಜನ ಹೊಸದರ ಬೆಲೆಗೇ ಕೊಳ್ಳುತ್ತಾರೆ. ಅದು ಬೆಲೆಯಲ್ಲ, ಅಭ್ಯಾಸ.

ಇನ್ನೊಂದು. ನೀನು ಎರಡು ಪುಟ ಬರೆದಿದ್ದೀಯ. ರಬ್ಬರು ಎತ್ತಿದೆ, ಮೂಗಿಟ್ಟೆ, ದೀಪದ ಸೀಳು ನೋಡಿದೆ, ಎಲ್ಲ ಇದೆ. ಎಂಜಿನ್ನಿನ ಸದ್ದು ಹೇಗಿದೆ ಎಂದು ಒಂದಕ್ಷರ ಇಲ್ಲ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನು ಹಚ್ಚಿ, ಬಾನೆಟ್ ಮುಚ್ಚಿ, ಕಣ್ಣೂ ಮುಚ್ಚಿ ನಿಂತು ಕೇಳದೆ ನೀನು ಬೆಲೆ ಕಟ್ಟಿದ್ದನ್ನು ನಾನು ಕಂಡಿಲ್ಲ. ಸದ್ದು ಹೇಗಿತ್ತು?

ನೀನು ಎತ್ತಬೇಡ ಎಂದದ್ದನ್ನು ಎತ್ತಿಲ್ಲ.

ಮಗಳು


ಫೆಬ್ರವರಿ 2

ಮಗಳಿಗೆ,

ನಿನ್ನ ಚೀಟಿ ತಲುಪಿತು. ಸದ್ದು ಸರಿಯಾಗಿದೆ.

ಇನ್ನು ನಿನ್ನ ಎಂಬತ್ತು ಸಾವಿರ. ಅಂಕಿ ನೋಡಿ ಮೇಸ್ತ್ರಿ ಸೀಟಿ ಹೊಡೆದ. ನೀನು ಹೇಳುವುದು ಬಂದರಿನ ಲೆಕ್ಕ. ಅಲ್ಲಿ ಗಾಡಿ ಹಡಗಿನಿಂದ ಇಳಿಯುತ್ತದೆ, ಮಾರಿಹೋಗುತ್ತದೆ, ಆಮೇಲೆ ಅದು ಯಾರ ಮನೆ ಮುಂದೆ ಕೆಟ್ಟು ನಿಂತಿತು ಎಂದು ನೀವು ನೋಡಲು ಹೋಗುವುದಿಲ್ಲ. ನಾನು ಮಾರಿದ ಗಾಡಿಯಾದರೆ ದಿನಾ ಇದೇ ರಸ್ತೆಯಲ್ಲಿ ನನ್ನ ಕಣ್ಣ ಮುಂದೆಯೇ ಓಡಾಡುತ್ತದೆ. ಕೊಂಡವರು ಅಂಗಡಿಯಲ್ಲಿ ಸಿಗುತ್ತಾರೆ, ಬ್ಯಾಂಕಿನ ಸಾಲಿನಲ್ಲಿ ಸಿಗುತ್ತಾರೆ.

ಗಾಡಿಯ ಬೆಲೆ ಎಂದರೆ ಏನು ಗೊತ್ತೇ? ಅದು ಕೆಟ್ಟು ನಿಂತ ಜಾಗದಿಂದ ಅದನ್ನು ರಿಪೇರಿ ಮಾಡಬಲ್ಲವನ ಅಂಗಡಿಗೆ ಎಷ್ಟು ದೂರ ಎನ್ನುವುದು. ನಮ್ಮ ಗಾಡಿಗೆ ಪ್ರತಿ ಮೂಲೆಯಲ್ಲಿ ಒಬ್ಬನಿದ್ದಾನೆ, ಸಾಮಾನು ಸಂಜೆಯೊಳಗೆ ಸಿಗುತ್ತದೆ. ಹೊರಗಿನದಕ್ಕೆ ಒಂದು ದೀಪದ ಗಾಜು ಬೇಕಾದರೆ ಆರು ವಾರ ಕಾಯಬೇಕು. ಆ ಆರು ವಾರ ಮಾಲೀಕರು ಬಸ್ಸಿನಲ್ಲಿ ಓಡಾಡುತ್ತಾರೆ, ಗಾಡಿ ಬಟ್ಟೆ ಹೊದ್ದು ಮಲಗಿರುತ್ತದೆ. ದಪ್ಪ ತಗಡನ್ನು ಏನು, ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆಯೇ?

ಡಾಕ್ಟರಿಗೆ ಸಮಕ್ಕೆ ಸಮ ಎಂದು ಹೇಳಿ ಕಳಿಸಿದ್ದೇನೆ. 'ಯೋಚಿಸ್ತೀನಿ ಅಮ್ಮಾ' ಎಂದು ಹೋದರು.

ಮೇಲಿನ ಆಫೀಸಿನ ಕಿಟಕಿಗೆ ಹೊಸ ಗಾಜು ಹಾಕಿಸಿದೆ. ನಿನ್ನ ಮೇಜು ಹಾಗೇ ಇದೆ. ಅದರ ಮೇಲೆ ಈಗ ವಿಮೆಯ ಕಡತಗಳನ್ನು ಇಡುತ್ತಿದ್ದೇನೆ, ಬೇರೆ ಜಾಗವಿಲ್ಲ. ಮಧ್ಯಾಹ್ನ ಊಟಕ್ಕೆ ಮೊದಲಿನ ಹಾಗೆಯೇ ಎರಡು ಗಂಟೆ. ಮೇಸ್ತ್ರಿ ಕೆಳಗೆ ಕೂರುತ್ತಾನೆ, ನಾನು ಮೇಲೆ.

ನಿನ್ನ ಕೋಣೆಗೆ ಬಿಸಿಲು ಬರುತ್ತದೆಯೇ, ಅದನ್ನಾದರೂ ಬರೆ.

ನಿನ್ನ ತಾಯಿ


ಮಾರ್ಚ್ 18

ಮಗಳಿಗೆ,

ಆರು ವಾರವಾಯಿತು. ದೀಪದ ಗಾಜಿಗಿಂತ ತಡ ಮಾಡಿದೆ ನೀನು.

ಎರಡು ವಿಷಯ ಹೇಳಬೇಕು. ಹೇಳದಿದ್ದರೆ ಬೇರೆ ಯಾರಿಂದಲೋ ಕೇಳುತ್ತೀ.

ಒಂದು. ಡಾಕ್ಟರ ಗಾಡಿ ಪಕ್ಕದ ಯಾರ್ಡಿನ ಪಾಲಿಶ್ ಪಾಲಾಯಿತು. ಅವನು ನೀನು ಹೇಳಿದ್ದಕ್ಕಿಂತಲೂ ಹತ್ತು ಸಾವಿರ ಜಾಸ್ತಿ ಕೊಟ್ಟನಂತೆ. ಒಂಬತ್ತೇ ದಿನಕ್ಕೆ ಮಾರಿದ. ಮಾರಿದ್ದು ಸಾಲದು ಎಂದು ನಮ್ಮ ಗೇಟಿಗೆ ಬಂದು, 'ಅಕ್ಕಾ, ಅಂಥಾ ಗಾಡಿ ಬಿಟ್ಟುಕೊಟ್ರಲ್ಲ, ನಿಮ್ಮ ದೊಡ್ಡ ಮನಸ್ಸು' ಎಂದು ನಕ್ಕು ಹೋದ. ಇವನಿಗೆ ಗಾಡಿಗೆ ಮೇಣ ಉಜ್ಜುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ, ನೆನಪಿದೆಯಲ್ಲ, ಪಾಲಿಶ್ ಎಂದು ಹೆಸರಿಟ್ಟದ್ದು ನೀನೇ.

ಎರಡು. ಹೋದ ತಿಂಗಳು ಕೊನೆಯಲ್ಲಿ ಒಂದು ದೇಶಿ ಗಾಡಿ ಕೊಂಡೆ. ನಾಲ್ಕೇ ವರ್ಷದ್ದು. ಬಿಳಿ. ಎಲ್ಲ ನೋಡಿ, ಪೂರ್ತಿ ಬೆಲೆ ಬರೆದು, ಕೊಟ್ಟು ಕಳಿಸಿದೆ. ಮಾರನೆಯ ದಿನ ಮೇಸ್ತ್ರಿ ಅದರ ಎಣ್ಣೆ ಇಳಿಸುತ್ತಾ ಏನೂ ಆಗದವನ ಹಾಗೆ, 'ಎಂಜಿನ್ನು ಯಾವಾಗ ಬಿಚ್ಚಲಿ ಅಮ್ಮಾವ್ರೇ?' ಎಂದ. ಯಾಕೆ ಬಿಚ್ಚಬೇಕು ಎಂದೆ. 'ಟಕ ಟಕ ಅಂತಿದೆಯಲ್ಲಾ' ಎಂದ. ಗಾಡಿ ಗೇಟಿನೊಳಗೆ ಬಂದಾಗಲೇ ಟಕ ಟಕ ಎನ್ನುತ್ತಿತ್ತಂತೆ. ಬೇರಿಂಗ್ ಹೋಗಿದೆಯಂತೆ. ಗಾಡಿ ತೊಳೆಯುವವನಿಗೂ ಕೇಳಿಸಿತಂತೆ.

'ಕೇಳಿಸಿದ್ದರೆ ಬಾಯಿ ಬಿಡಬೇಕೋ ಬೇಡವೋ?' ಎಂದು ಕೂಗಾಡಿದೆ. ಅವನು ಕೈ ಒರೆಸಿಕೊಳ್ಳುತ್ತಾ, 'ಚೀಟಿ ಬಿಚ್ಚೋವರೆಗೂ ಮಾತಾಡಬಾರದು ಅನ್ನೋದು ನೀವೇ ಮಾಡಿದ ಕಟ್ಟಳೆ. ಇಪ್ಪತ್ತಾರು ವರ್ಷದಿಂದ ಬಾಯಿ ಮುಚ್ಕೊಂಡಿದ್ದೀನಿ. ನೀವು ಪೂರ್ತಿ ಬೆಲೆ ಕೊಟ್ಟಾಗ, ಪಾಪ, ಅವರ ಕಷ್ಟ ನೋಡಿ ಕೊಡ್ತಿದ್ದೀರಿ ಅಂದ್ಕೊಂಡೆ' ಎಂದ.

ನಾನು ಯಾರ ಕಷ್ಟ ನೋಡಿ ಗಾಡಿ ಕೊಂಡವಳು ಹೇಳು. ಅವನೊಂದಿಗೆ ನಾಲ್ಕು ದಿನ ಮಾತಾಡಲಿಲ್ಲ. ಎರಡನೆಯ ಚೀಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ತಿಳಿಸಲು ಮಾತ್ರ ಇದನ್ನು ಬರೆದೆ.

ನಿನ್ನ ತಾಯಿ


ಮಾರ್ಚ್ 29

ಅಮ್ಮಾ,

ಎರಡು ಸಲ ಕಾಗದ ಬರೆದು ಹರಿದೆ. ಇದು ಮೂರನೆಯದು, ಕಳಿಸಿಬಿಡುತ್ತೇನೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ನನ್ನ ಕೋಣೆಗೆ ಬಿಸಿಲು ಬರುವುದಿಲ್ಲ. ಕಿಟಕಿಯ ಎದುರು ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಅವುಗಳನ್ನು ಎತ್ತಿಕೊಂಡು ಹೋದ ದಿನ ಒಂದಿಷ್ಟು ಬೆಳಕು ಬರುತ್ತದೆ, ಮಾರನೆಯ ದಿನ ಮತ್ತೆ ತಂದಿಡುತ್ತಾರೆ. ಇಲ್ಲಿ ಬೆಲೆ ಕಟ್ಟುವುದಕ್ಕೆ ಯಾರೂ ಏನೂ ಕೇಳುವುದಿಲ್ಲ. ಗಾಡಿಗೆ ವಯರು ಚುಚ್ಚಿದರೆ ಯಂತ್ರ ಒಂದು ಹಾಳೆ ಮುದ್ರಿಸಿ ಕೊಡುತ್ತದೆ. ನಾನು ಮಾತ್ರ ಬಾನೆಟ್ ಮುಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಶುರುವಿನಲ್ಲಿ, 'ಏನಮ್ಮಾ, ಧ್ಯಾನಾನಾ?' ಎಂದು ನಗುತ್ತಿದ್ದರು. ಈಗ ರೂಢಿಯಾಗಿದೆ, ನಗುವುದೂ ಇಲ್ಲ. ಕೆಲಸದ ಮಾತು ಬಿಟ್ಟರೆ ಕೆಲವು ದಿನ ಬೇರೆ ಮಾತೇ ಇರುವುದಿಲ್ಲ. ಯಾರೂ ಕೆಟ್ಟವರಲ್ಲ. ಅವರವರ ಮನೆಗೆ ಅವರವರು ಹೋಗುತ್ತಾರೆ.

ಈಗ ನನ್ನ ಪ್ರಶ್ನೆ. ಬೇರಿಂಗ್ ಹೋದ ಎಂಜಿನ್ನಿನ ಸದ್ದು ಗಾಡಿ ತೊಳೆಯುವವನಿಗೆ ಕೇಳಿಸಿತು. ನಿನಗೆ ಕೇಳಿಸಲಿಲ್ಲವೇ?

ಎತ್ತಬಾರದು ಎಂದದ್ದನ್ನು ಈಗ ಎತ್ತುತ್ತೇನೆ, ಬೈದರೆ ಬೈ. ಅವತ್ತು ಗಾಡಿ ಕೊಳ್ಳಲು ಬಂದ ನರ್ಸ್ ಅಕ್ಕ ಎರಡು ಗಾಡಿಯ ಮಧ್ಯೆ ನಿಂತಿದ್ದರು. ಒಂದು ಇಲ್ಲಿಯದು, ಒಂದು ಹೊರಗಿನದು. ಯಾವುದು ಕೊಟ್ಟ ದುಡ್ಡಿಗೆ ಸರಿಯಾಗುತ್ತದೆ ಎಂದು ಕೇಳಿದರು. ನಾವಿಬ್ಬರೂ ಚೀಟಿ ಬರೆದೆವು. ಇಲ್ಲಿಯದಕ್ಕೆ ನಾನು ತೀರಾ ಕಡಿಮೆ ಬರೆದಿದ್ದೆ, ಹಚ್ಚಿದ ಕೂಡಲೆ ಒಳಗಿನ ಚೈನಿನಿಂದ ಸಣ್ಣ ಸರಪಳಿ ಎಳೆದಂಥ ಸದ್ದು ಬರುತ್ತಿತ್ತು. ನೀನು ಯಾವ ಸದ್ದೂ ಇಲ್ಲ ಎಂದೆ. ನಾನು ಇದೆ ಎಂದೆ. ನರ್ಸ್ ಅಕ್ಕ, ಮೇಸ್ತ್ರಿ, ಪಾಲಿಶ್ ಎಲ್ಲರೂ ನೋಡುತ್ತಿರುವಾಗ ನೀನು ನನ್ನ ಚೀಟಿ ಹರಿದು, 'ಹೊರಗಿನದು ಅಂದರೆ ಇವಳಿಗೆ ಕಣ್ಣು ಕುಕ್ಕುತ್ತದೆ, ನಮ್ಮದರಲ್ಲಿ ಇಲ್ಲದ ಹುಳುಕು ಹುಡುಕುತ್ತಾಳೆ. ಬೆಲೆ ಕಟ್ಟೋದಕ್ಕೂ ಒಂದು ಯೋಗ್ಯತೆ ಬೇಕು' ಎಂದೆ.

ಸದ್ದು ಇತ್ತು ಅಮ್ಮಾ. ನಾನು ಇಷ್ಟು ದಿನ ನೀನು ಕೇಳಿಸಿಕೊಂಡೂ ಸುಳ್ಳು ಹೇಳಿದೆ ಎಂದುಕೊಂಡಿದ್ದೆ, ಗಾಡಿ ಮಾರಿಹೋಗಲಿ ಅಂತ. ಆದ್ದರಿಂದಲೇ ಮೂರನೆಯ ದಿನ ಹೊರಟೆ. ಬೈದದ್ದಕ್ಕೆ ಅಲ್ಲ, ನೀನು ಸುಳ್ಳು ಹೇಳಬಲ್ಲೆ ಎನ್ನುವುದಕ್ಕೆ. ಈಗ ನಿನ್ನ ಕಾಗದ ಓದಿದ ಮೇಲೆ ಬೇರೆಯೇ ಯೋಚನೆ ಬರುತ್ತಿದೆ.

ಕಿವಿ ತೋರಿಸಿದೆಯಾ?

ಮಗಳು


ಏಪ್ರಿಲ್ 6

ಮಗಳಿಗೆ,

ನನ್ನ ಕಿವಿಗೆ ಏನೂ ಆಗಿಲ್ಲ. ಬಿಳಿ ಗಾಡಿ ಬಂದ ದಿನ ಪಕ್ಕದ ರಸ್ತೆಯಲ್ಲಿ ಪೈಪು ಹಾಕಲು ಅಗೆಯುತ್ತಿದ್ದರು. ಆ ಗದ್ದಲದಲ್ಲಿ ಯಾರಿಗೆ ಏನು ಕೇಳಿಸೀತು.

ನಾನು ಸುಳ್ಳು ಹೇಳುವವಳು ಎಂದು ಹದಿನೇಳು ತಿಂಗಳು ಎದೆಯಲ್ಲಿಟ್ಟುಕೊಂಡು ಕೂತಿದ್ದೆಯಲ್ಲ, ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ಇನ್ನು ಚೀಟಿಗಾಗಿ ನಿನಗೆ ತೊಂದರೆ ಕೊಡುವುದಿಲ್ಲ. ಈ ಯಾರ್ಡಿಗೆ ನಾನೊಬ್ಬಳೇ ಸಾಕು.

ನಿನ್ನ ತಾಯಿ


ಮೇ 20

ಅಮ್ಮಾ,

ನಿನ್ನೆ ಯಾರ್ಡಿಗೆ ಫೋನು ಮಾಡಿದ್ದೆ. ಮೇಸ್ತ್ರಿ ಎತ್ತಿದರು. ಅಮ್ಮನಿಗೆ ಕೊಡಿ ಎಂದೆ. ಅವರು ಫೋನು ಹಿಡಿದೇ ನಿನ್ನನ್ನು ಕರೆದರು. ಮೂರು ಸಲ ಕರೆದರು. ಆಮೇಲೆ ಹತ್ತಿರ ಬಂದು ಕರೆದಿರಬೇಕು, 'ಕೆಲಸದಲ್ಲಿದ್ದಾರೆ ಅಂತ ಹೇಳು' ಎಂದು ನೀನೇ ಹೇಳಿದ್ದು ಕೇಳಿಸಿತು. ಜೋರಾಗಿ ಮಾತಾಡುತ್ತೀಯ ಈಗ.

ಬೇರೇನೂ ಇಲ್ಲ. ನಿನ್ನ ಧ್ವನಿ ಕೇಳಿ ಬಹಳ ದಿನವಾಗಿತ್ತು, ಅಷ್ಟೇ.

ಮಗಳು


ಜುಲೈ 3

ಮಗಳಿಗೆ,

ಈ ಕಾಗದ ಬರೆಯಲು ಹನ್ನೊಂದು ದಿನ ತೆಗೆದುಕೊಂಡಿದ್ದೇನೆ. ಮಧ್ಯೆ ನಿಲ್ಲಿಸದೆ ಓದು.

ನರ್ಸ್ ಯಾರ್ಡಿಗೆ ಬಂದಿದ್ದರು. ತಮ್ಮನಿಗೊಂದು ಗಾಡಿ ಬೇಕಂತೆ, ವಿಚಾರಿಸಲು ಬಂದವರು. ನಾನು ಕಪಾಟಿನ ಕಡೆ ತಿರುಗಿ ಕಡತ ತೆಗೆಯುತ್ತಿದ್ದೆ. ಅವರು ಹಿಂದಿನಿಂದ ಏನೇನೋ ಮಾತಾಡಿದ್ದಾರೆ. ನಾನು ಸುಮ್ಮನೆ ಕಡತ ತೆಗೆಯುತ್ತಲೇ ಇದ್ದೆ. ಕೊನೆಗೆ ಭುಜ ಮುಟ್ಟಿದರು. ಮುಖ ನೋಡಿಯೇ ಅವರಿಗೆ ತಿಳಿಯಿತು. ಅವರ ಕೆಲಸವೇ ಅದು.

ಅವರನ್ನು ಕೂರಿಸಿ, ಅವತ್ತು ಕೊಂಡ ಆ ಗಾಡಿ ಹೇಗಿದೆ ಎಂದು ಕೇಳಿದೆ. ಹೇಳಲು ಹಿಂದೆ ಮುಂದೆ ನೋಡಿದರು. ಬಿಡಲಿಲ್ಲ ನಾನು. ಕೊಂಡು ನಾಲ್ಕು ತಿಂಗಳಿಗೆ ಡ್ಯೂಟಿಗೆ ಹೋಗುವಾಗ ಸೇತುವೆಯ ಮೇಲೆ ಚೈನು ಹರಿದು ನಿಂತಿತಂತೆ. ಎಂಜಿನ್ನು ಒಳಗೆಲ್ಲ ಚೂರುಚೂರು. ಬೇರೆ ಕಡೆ ರಿಪೇರಿ ಮಾಡಿಸಿದರಂತೆ. ರಿಪೇರಿಗೆ ಕೊಟ್ಟದ್ದನ್ನೂ ಸೇರಿಸಿದರೆ ಅವತ್ತು ಪಕ್ಕದಲ್ಲಿದ್ದ ಹೊರಗಿನ ಗಾಡಿಯೇ ಅಗ್ಗವಾಗುತ್ತಿತ್ತು.

'ನನ್ನ ಹತ್ತಿರ ಯಾಕೆ ತರಲಿಲ್ಲ? ಬಿಟ್ಟಿಯಾಗಿ ಮಾಡಿಸಿಕೊಡುತ್ತಿದ್ದೆ' ಎಂದೆ.

'ಹೆತ್ತ ಮಗಳಿಗೆ ನನ್ನ ಎದುರಿಗೇ ಹಾಗಂದ್ರಿ ಅಮ್ಮಾ. ಆ ಹುಡುಗಿ ಹೇಳಿದ್ದೇ ನಿಜ ಆಯ್ತು ಅಂತ ನಾನು ಬಂದು ಹೇಳಿದ್ರೆ ನಿಮಗೆ ಹೇಗಾಗ್ತಿತ್ತು?' ಎಂದರು.

ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತು ನಂಬಿ ಕೊಂಡ ಗಾಡಿ ರಸ್ತೆಯ ಮಧ್ಯೆ ನಿಂತದ್ದು ಅದೊಂದೇ. ಅದೊಂದೇ ಎಂದುಕೊಂಡಿದ್ದೇನೆ. ಬೇರೆ ಇದ್ದರೆ ಅವರೂ ನನ್ನ ಮುಖ ನೋಡಿ ಸುಮ್ಮನಾಗಿರಬೇಕು.

ಮಾರನೆಯ ದಿನ ನರ್ಸೇ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದರು. ಒಂದು ಗಾಜಿನ ಪೆಟ್ಟಿಗೆಯಂಥ ಕೋಣೆ. ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ, ಕೈಗೆ ಒಂದು ಗುಂಡಿ. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಮೊದಲು ಕೆಲವು ಕೇಳಿಸಿದವು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗಾಜಿನಾಚೆ ನರ್ಸ್ ನಿಂತು ನೋಡುತ್ತಿದ್ದರು. ನನಗೆ ಒಂಥರಾ ಆಯಿತು. ಇಷ್ಟು ಹೊತ್ತಿಗೆ ಒಂದು ಸದ್ದು ಬಂದಿರಬೇಕು ಎಂದು ಅಂದಾಜು ಮಾಡಿ ಒತ್ತಿದೆ. ಸ್ವಲ್ಪ ಬಿಟ್ಟು ಮತ್ತೊಂದು ಸಲ ಒತ್ತಿದೆ. ಹೀಗೆ ನಾಲ್ಕೈದು ಸಲ. ಡಾಕ್ಟರು ಬಾಗಿಲು ತೆಗೆದು ಒಳಗೆ ಬಂದು, ಬಗ್ಗಿ, ಮೆಲ್ಲಗೆ ಹೇಳಿದರು, 'ಅಮ್ಮಾ, ಈಗ ನಾನು ಯಾವ ಸದ್ದೂ ಹಾಕಿರಲಿಲ್ಲ.'

ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೂತೆ. ನನ್ನ ಓದು ಹೈಸ್ಕೂಲಿಗೇ ನಿಂತಿತು, ನಿಜ. ಆದರೆ ಅಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ.

ಸಣ್ಣ, ಚೂಪಾದ ಸದ್ದುಗಳು ಐದಾರು ವರ್ಷದಿಂದ ಹೋಗುತ್ತಾ ಬಂದಿವೆಯಂತೆ. ಚೈನಿನ ಸದ್ದು ಅಂಥದ್ದೇ. ಈಗ ದಪ್ಪ ಸದ್ದುಗಳೂ ಹೋಗತೊಡಗಿವೆ. ಕಿವಿಗೆ ಇಟ್ಟುಕೊಳ್ಳಲು ಒಂದು ಯಂತ್ರ ಕೊಟ್ಟಿದ್ದಾರೆ. ಅದನ್ನಿಟ್ಟುಕೊಂಡು ಕೇಳಿದರೆ ಎಲ್ಲ ಗಾಡಿಯೂ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಿಸಿದ ಹಾಗೆ, ಹೊಸದೂ ಅಷ್ಟೇ, ಹಳೆಯದೂ ಅಷ್ಟೇ.

ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅವತ್ತು ನರ್ಸಿನ ಮುಂದೆ ನನಗೆ ನಿಜವಾಗಿ ಗೊತ್ತಿರಲಿಲ್ಲ. ಅದನ್ನು ನೀನು ನಂಬಬೇಕು. ಆದರೆ ಹಲ್ಲಿನ ಡಾಕ್ಟರ ಗಾಡಿ ಬಂದಾಗ ಅನುಮಾನ ಬಂದಿತ್ತು. ಬೆಳಿಗ್ಗೆ ಹಚ್ಚಿಸಿದೆ. ಬಾನೆಟ್ ಮುಚ್ಚಿ ನಿಂತೆ. ಏನೂ ಕೇಳಿಸಲಿಲ್ಲ. ಹೊರಗಿನ ಗಾಡಿಗಳು ಸದ್ದು ಮಾಡುವುದಿಲ್ಲ ಎಂದು ನೀನು ಹೇಳುತ್ತಿದ್ದೆ. ಇದು ಗಾಡಿಯ ಒಳ್ಳೆಯತನವೋ ನನ್ನ ಕಿವಿಯ ಕೆಟ್ಟತನವೋ ತಿಳಿಯಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟೆ, ನಡುಗುತ್ತಿತ್ತು, ಹಾಗಾದರೆ ಓಡುತ್ತಿದೆ ಎಂದುಕೊಂಡೆ. ಮೇಸ್ತ್ರಿಯನ್ನು ಕೇಳೋಣ ಎಂದರೆ ಬಾಯಿ ಬರಲಿಲ್ಲ. ತಿಳಿಯದ್ದಕ್ಕೆ ಕಡಿಮೆ ಬೆಲೆ ಬರೆದೆ. ಆಮೇಲೆ ರಿಪೇರಿ ಅಂಗಡಿ ದೂರ, ದೀಪದ ಗಾಜು ಎಂದೆಲ್ಲ ಅದಕ್ಕೆ ಕಾರಣ ಕಟ್ಟಿ ನಿನಗೆ ಬರೆದೆ. ಆ ಕಾರಣಗಳು ಸುಳ್ಳಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ನಾನು ಆ ಬೆಲೆ ಬರೆದದ್ದು ಆ ಕಾರಣಗಳಿಗಾಗಿ ಅಲ್ಲ.

ನಿನಗೆ ಮೊದಲ ಕಾಗದ ಬರೆದದ್ದೂ ಅವತ್ತೇ.

ಯೋಗ್ಯತೆ ಬೇಕು ಎಂದಿದ್ದೆ. ಆ ಮಾತು ನನ್ನದು ತಪ್ಪು.

ನಿನ್ನ ತಾಯಿ


ಜುಲೈ 15

ಅಮ್ಮಾ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ನಿಂತುಕೊಂಡೇ ಓದಿದೆ. ಹಿಂದೆ ಗಾಡಿಗಳು ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವಂತೆ. ನನಗೂ ಕೇಳಿಸಲಿಲ್ಲ.

ಇಲ್ಲದ ಸದ್ದಿಗೆ ನೀನು ಗುಂಡಿ ಒತ್ತಿದ್ದನ್ನು ಡಾಕ್ಟರು ಹೇಳಿದರಲ್ಲ, ಅದನ್ನು ಓದಿ ನಗು ಬಂತು. ಆಮೇಲೆ ನಗು ನಿಂತಿತು.

ನಿನಗೆ ಗೊತ್ತಿರಲಿಲ್ಲ ಎನ್ನುವುದನ್ನು ನಂಬುತ್ತೇನೆ. ನನ್ನದೂ ತಪ್ಪಿದೆ. ಮೂರು ದಿನ ನಿನ್ನ ಎದುರಿಗೇ ಓಡಾಡಿಕೊಂಡಿದ್ದೆ. 'ಅಮ್ಮಾ, ನಿಜವಾಗಿಯೂ ಕೇಳಿಸಲಿಲ್ಲವಾ?' ಎಂದು ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ನಿನ್ನ ಕಿವಿಯ ಮೇಲೆ ಅಷ್ಟು ನಂಬಿಕೆ ನನಗೆ. ಕಿವಿಯನ್ನು ಬಿಟ್ಟು ನಿನ್ನನ್ನು ಅನುಮಾನಿಸಿದೆ.

ಈಗ ಕಷ್ಟದ ಮಾತು. ನಾನು ಯಾರ್ಡಿಗೆ ವಾಪಸು ಬರುವುದಿಲ್ಲ. ಸಿಟ್ಟಿನಿಂದ ಅಲ್ಲ. ಹೋದ ತಿಂಗಳು ಇಲ್ಲಿ ಬೆಲೆ ಕಟ್ಟುವ ಕೆಲಸಕ್ಕೆಲ್ಲ ನನ್ನನ್ನೇ ಮುಖ್ಯಸ್ಥಳನ್ನಾಗಿ ಮಾಡಿದರು. ಯಂತ್ರದ ಹಾಳೆ ಸರಿ ಇದೆ ಎಂದ ಮೂರು ಗಾಡಿಗಳನ್ನು ಬರೀ ಕಿವಿಯಲ್ಲಿ ಕೇಳಿ ಬೇಡ ಎಂದಿದ್ದೆ. ಮೂರೂ ಬಿಚ್ಚಿದಾಗ ಒಳಗೆ ಕೆಟ್ಟಿದ್ದವು. ಈಗ ನಾನು ಕಣ್ಣು ಮುಚ್ಚಿ ನಿಂತರೆ ಇಲ್ಲಿಯೂ ಒಂದು ನಿಮಿಷ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಇದು ನಾನೇ ಸಂಪಾದಿಸಿಕೊಂಡ ಜಾಗ. ಅಲ್ಲಿಗೆ ಬಂದರೆ ನಾನು ಮತ್ತೆ ನಿನ್ನ ಎರಡನೆಯ ಚೀಟಿಯಾಗುತ್ತೇನೆ.

ಇನ್ನೊಂದು ಹೇಳಿಬಿಡುತ್ತೇನೆ. ಆರು ತಿಂಗಳಲ್ಲಿ ನೀನು ಐದು ಕಾಗದ ಬರೆದೆ. ಒಂದರಲ್ಲೂ 'ಬಾ' ಎಂದು ಬರೆಯಲಿಲ್ಲ. ಬರೆದಿದ್ದರೂ ಬರುತ್ತಿರಲಿಲ್ಲ ಎನ್ನು. ಆದರೂ ಪ್ರತಿ ಸಲ ಕವರು ಒಡೆದ ಕೂಡಲೇ ಕೊನೆಯ ಸಾಲು ಮೊದಲು ಓದುತ್ತಿದ್ದೆ.

ಕಿವಿಯ ಯಂತ್ರ ತೆಗೆದಿಡಬೇಡ. ರೂಢಿಯಾಗಲು ತಿಂಗಳುಗಟ್ಟಲೆ ಬೇಕಂತೆ, ಇಲ್ಲಿ ಒಬ್ಬರನ್ನು ವಿಚಾರಿಸಿದೆ.

ಮಗಳು


ಜುಲೈ 24

ಮಗಳೇ,

ಬರುವುದಿಲ್ಲ ಎಂದು ಬರೆದದ್ದನ್ನು ಓದಿದೆ. ಸರಿಯಾಗಿಯೇ ಬರೆದಿದ್ದೀ. ನಿನ್ನ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ, ಅಷ್ಟು ಉದ್ದದ ಕಾಗದವನ್ನೂ ಬರೆಯುತ್ತಿರಲಿಲ್ಲ.

ಯಾರ್ಡಿನ ಕಟ್ಟಳೆ ಬದಲಾಯಿಸಿದ್ದೇನೆ. ಇನ್ನು ಮೇಲೆ ಎಂಜಿನ್ನು ಓಡುತ್ತಿರುವಾಗಲೇ ಯಾರಿಗೆ ಏನು ಕೇಳಿಸಿದರೂ ಹೇಳಬೇಕು, ಗಾಡಿ ತೊಳೆಯುವವನೂ ಹೇಳಬೇಕು. ಮೊದಲನೆಯ ದಿನ ಮೇಸ್ತ್ರಿ ಕೈ ಕಟ್ಟಿಕೊಂಡು ನಿಂತೇ ಇದ್ದ. ಏನಯ್ಯಾ ಎಂದರೆ, 'ಇಪ್ಪತ್ತಾರು ವರ್ಷದ್ದು ಬಾಕಿ ಇದೆ ಅಮ್ಮಾವ್ರೇ, ಎಲ್ಲಿಂದ ಶುರು ಮಾಡಲಿ?' ಎಂದ. ಈಗ ಬೇಡವೆಂದರೂ ಬಾಯಿ ಮುಚ್ಚುವುದಿಲ್ಲ. ಅರ್ಧ ಕೇಳಿಸುತ್ತದೆ ನನಗೆ, ಅದೇ ಪುಣ್ಯ.

ನರ್ಸಿನ ತಮ್ಮನಿಗೆ ಹೊರಗಿನ ಗಾಡಿಯನ್ನೇ ಕೊಡಿಸಿದೆ, ಅದೂ ಪಾಲಿಶ್ ಹತ್ತಿರ. ನಾನೇ ಜೊತೆಗೆ ಹೋಗಿ ಕೊಡಿಸಿದೆ. ರಿಪೇರಿ ಮಾಡುವವನು ಎಲ್ಲಿದ್ದಾನೆ ಎಂದು ಮೊದಲು ವಿಚಾರಿಸಿ, ಅವನ ಅಂಗಡಿಗೆ ಎಷ್ಟು ದೂರ ಎಂದು ಕೇಳಿಕೊಂಡು ಆಮೇಲೆ ಬೆಲೆ ಮಾತಾಡಿದೆ. ಪಾಲಿಶ್ ತನ್ನ ಮೇಣದ ಬಟ್ಟೆಯಲ್ಲೇ ನನಗೆ ಕುರ್ಚಿ ಒರೆಸಿ ಕೊಟ್ಟ.

ನೀನು ಕಾಗದದ ಕೊನೆಯ ಸಾಲು ಮೊದಲು ಓದುತ್ತೀ ಎಂದು ತಿಳಿದ ಮೇಲೆ ಬರೆಯುವುದು ಕಷ್ಟವಾಗಿದೆ. ಬಾ ಎನ್ನುವುದು ನನಗೆ ಯಾವತ್ತೂ ಬಾಯಿಗೆ ಬಂದದ್ದಲ್ಲ. ನಿನ್ನಪ್ಪನನ್ನೂ ಕರೆದವಳಲ್ಲ ನಾನು; ಊಟಕ್ಕೆ ತಟ್ಟೆ ಇಟ್ಟ ಸದ್ದಿಗೆ ಅವರೇ ಎದ್ದು ಬರುತ್ತಿದ್ದರು. ನೀನು ಹೊರಟ ದಿನ ಮೇಲಿನ ಕಿಟಕಿಯಲ್ಲಿ ನಿಂತಿದ್ದೆ. ನೀನು ಗೇಟಿನ ಹತ್ತಿರ ಚೀಲ ಕೆಳಗಿಟ್ಟು ಒಂದಷ್ಟು ಹೊತ್ತು ನಿಂತೆ. ಕರೆಯಬಹುದಿತ್ತು. ಇನ್ನೂ ಒಂದು ನಿಮಿಷ ನಿಂತರೆ ಕರೆಯುತ್ತೇನೆ ಎಂದುಕೊಂಡೆ. ನೀನು ಚೀಲ ಎತ್ತಿಕೊಂಡೆ.

ಆದ್ದರಿಂದ ನಾನೇ ಬರುತ್ತಿದ್ದೇನೆ. ಬರುವ ಶುಕ್ರವಾರ ಬೆಳಗಿನ ಬಸ್ಸು, ಮಧ್ಯಾಹ್ನ ಮೂರಕ್ಕೆ ಮುಟ್ಟುತ್ತದೆ. ಹಡಗಿನಿಂದ ಗಾಡಿ ಇಳಿಸುವುದನ್ನು ನೋಡಬೇಕು ಎಂದು ಮೇಸ್ತ್ರಿಗೆ ಹೇಳಿದ್ದೇನೆ. ನಿನಗೆ ಹಾಗೆ ಹೇಳುವುದಿಲ್ಲ. ನಿನ್ನನ್ನು ನೋಡಬೇಕು. ನಾಲ್ಕು ದಿನ ಇರುತ್ತೇನೆ. ಬಿಸಿಲು ಬಾರದ ಕೋಣೆಯಾದರೂ ಆದೀತು.

ಬಸ್ ನಿಲ್ದಾಣದಲ್ಲಿ ಜನ ಬಹಳ ಇರುತ್ತಾರಂತೆ. ದೂರದಿಂದ ಅಮ್ಮಾ ಎಂದು ಕೂಗಬೇಡ, ನನಗೆ ಕೇಳಿಸುವುದಿಲ್ಲ. ಕೇಳಿಸದೆ ಮುಂದೆ ಹೋದರೆ ಸಿಟ್ಟು ಎಂದು ತಿಳಿಯಬೇಡ. ಎದುರಿಗೆ ಬಂದು ನಿಲ್ಲು.

ಅಮ್ಮ